ಸಹಾಯ ಬೇಕು: ಮನೆಯಿಂದ ಮಾಡುವ ಕೆಲಸದ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡಲು ಭಯ

ಎಲ್ಲರಿಗೂ ನಮಸ್ಕಾರ. 6 ವರ್ಷದಿಂದ ಮನೆಯಲ್ಲೇ ಕೂತು ಸಣ್ಣ ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಕೆಲಸದಲ್ಲಿ ತೊಂದರೆ ಇಲ್ಲ, ತೊಂದರೆ ಇರುವುದು ನನ್ನ ಬಾಯಲ್ಲಿ! ಮನೆಯಿಂದಲೇ ದುಡಿಯಬೇಕು ಎಂದಿರುವ ಹೆಂಗಸರ ಗುಂಪಿನ ಮುಂದೆ ಮುಂದಿನ ವಾರ 10 ನಿಮಿಷ ಮಾತಾಡಬೇಕು. ಧೈರ್ಯ ಮಾಡಿ ಒಪ್ಪಿಕೊಂಡೆ. ಆಮೇಲಿಂದ ನಿದ್ದೆ ಇಲ್ಲ.

ಕನ್ನಡಿ ಮುಂದೆ ನಿಂತು ನೋಡಿದೆ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಬಾಯಿಪಾಠ ಮಾಡಿದರೆ ಒಂದು ಸಾಲು ಮರೆತರೂ ಮುಂದಿನದೆಲ್ಲ ಮಾಯ. ಬರೀ ಚೀಟಿ ಇಟ್ಟುಕೊಂಡರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅಕ್ಕನ ಮುಂದೆ ಸರಾಗವಾಗಿ ಬರುತ್ತದೆ. ಆದರೆ ಅವಳು ನಾನು ಏನು ಹೇಳಿದರೂ ತಲೆ ಆಡಿಸುವವಳು, ಅದು ಲೆಕ್ಕಕ್ಕಿಲ್ಲ.

ನಿಜ ಹೇಳಬೇಕೆಂದರೆ ವೇದಿಕೆಗಿಂತ ಒಂದು ಮಾತಿಗೆ ಜಾಸ್ತಿ ಹೆದರುತ್ತೇನೆ. "ಮನೇಲೇ ಇರ್ತೀರಲ್ಲ, ಅದೇನು ಕೆಲಸ ಬಿಡಿ." ಇದು ಕಿವಿಗೆ ಬಿದ್ದ ಕೂಡಲೇ ಗಂಟಲು ಒಣಗುತ್ತದೆ, ಸುಮ್ನೆ ನಕ್ಕುಬಿಡುತ್ತೇನೆ. ದುಡಿಮೆ ಎಷ್ಟು ಅಂತ ಹೇಳಿದರೆ ಜಂಬ ಅನಿಸುತ್ತದೆ, ಹೇಳದಿದ್ದರೆ ಯಾರೂ ನಂಬುವುದಿಲ್ಲ, ಅಲ್ವಾ?

ಜನರ ಮುಂದೆ ಮಾತಾಡಿ ರೂಢಿ ಇರುವವರು ದಯವಿಟ್ಟು ಹೇಳಿ. ಈ ಮಾತನ್ನು ಶುರುವಿನಲ್ಲಿ ನಾನೇ ಎತ್ತಿ ಉತ್ತರ ಕೊಟ್ಟುಬಿಡಲೇ, ಅಥವಾ ಯಾರಾದರೂ ಕೇಳುವ ತನಕ ಕಾಯಲೇ? ಕೇಳಿದರೆ ಮೊದಲ ವಾಕ್ಯ ಏನಿರಬೇಕು?