ಅಪ್‌ಡೇಟ್: ಹಿತ್ತಲಿನ ಕೊಳದ ಸೋರಿಕೆ ಮತ್ತು ಹಸಿರು ನೀರು

ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ಕಟ್ಟಿಸಿದ 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳದ ಕೊಳದಲ್ಲಿ ನೀರು ನಿಲ್ಲುತ್ತಿಲ್ಲ, ನಿಂತಷ್ಟೂ ಹಸಿರಾಗುತ್ತಿದೆ ಎಂದು ಮಾರ್ಚ್ ತಿಂಗಳಲ್ಲಿ ಇಲ್ಲಿ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಧನ್ಯವಾದಗಳು, ಎರಡೂ ತೊಂದರೆಗಳು ಈಗ ನೀಗಿವೆ.

ಸೋರಿಕೆಗೆ ಕಾರಣ, ನಿಮ್ಮಲ್ಲಿ ಕೆಲವರು ಊಹಿಸಿದಂತೆ, ಸಿಮೆಂಟಲ್ಲ, ಅದರ ಕೆಳಗಿನ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ನೇರವಾಗಿ ಗಿಲಾವು ಮಾಡಿಸಿದ್ದರಿಂದ ತಳದ ಮೂಲೆಯಲ್ಲಿ ಉಗುರು ತೂರುವಷ್ಟು ಬಿರುಕು ಬಿಟ್ಟಿತ್ತು. ಅದನ್ನು ಒಡೆಸಿ, ಒಂದು ಅಡಿ ಎರೆಮಣ್ಣು ತೆಗೆಸಿ, ಮೊರಂ (ಗರಸು ಮಣ್ಣು) ತುಂಬಿಸಿ ದಿಮ್ಮಸು ಹೊಡೆಸಿ, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಅಂಚು ಹಾರದಂತೆ ಸುತ್ತಲೂ ಶಹಾಬಾದ್ ಕಲ್ಲು ಕೂರಿಸಿದ್ದೇವೆ. ಗೌಂಡಿಗೆ ಎರಡನೆಯ ಸಲ ಕೂಲಿ ಕೊಟ್ಟದ್ದೊಂದೇ ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ನೀರು ಹಸಿರಾಗುತ್ತಿದ್ದುದು ಬಿಸಿಲಿನಿಂದ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರನ್ನು ಪದೇ ಪದೇ ಬದಲಿಸುವುದು ವ್ಯರ್ಥ ಶ್ರಮ. ನೈದಿಲೆಯ ಎಲೆಗಳು ಅರ್ಧಕ್ಕಿಂತ ಹೆಚ್ಚು ಜಾಗವನ್ನು ಮುಚ್ಚಿಕೊಂಡು ನೆರಳು ಕೊಟ್ಟ ಮೇಲೆ ಪಾಚಿ ತಾನಾಗಿಯೇ ಇಳಿಯಿತು. ಸೊಳ್ಳೆಯ ಮರಿಗಳನ್ನು ಗಪ್ಪಿ ಮೀನುಗಳು ನೋಡಿಕೊಳ್ಳುತ್ತಿವೆ. ಆವಿಯಾದಷ್ಟು ನೀರನ್ನು ತುಂಬುವಾಗ, ಕ್ಲೋರಿನ್ ಹಾರಿಹೋಗಲೆಂದು ನಲ್ಲಿ ನೀರನ್ನು ಒಂದು ದಿನ ಬಿಸಿಲಿನಲ್ಲಿಟ್ಟು ಸುರಿಯುತ್ತೇನೆ.

ಸಂಜೆ ಅಲ್ಲಿಯೇ ಕುರ್ಚಿ ಹಾಕಿಕೊಂಡು ಕೂರುವುದು ರೂಢಿಯಾಗಿದೆ. ಕಾಗೆಯೊಂದು ಎಲ್ಲಿಂದಲೋ ತಂದ ಕಡಕ್ ರೊಟ್ಟಿಯ ಚೂರನ್ನು ಕಲ್ಲಿನ ಅಂಚಿನಿಂದ ನೀರಿಗೆ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತದೆ. ಉದುರಿದ ಪುಡಿಗೆ ಗಪ್ಪಿಗಳು ಮುತ್ತುತ್ತವೆ.