1977ರ ಎಂಜಿಬಿ: ಸ್ಟ್ರಾಂಬರ್ಗ್ ರಿಪೇರಿಯೋ, ಜೋಡಿ ಎಸ್‌ಯು ಹಾಕಲೋ, ವೆಬರ್ ಹಾಕಲೋ? ಅನುಭವ ಇದ್ದವರು ಹೇಳಿ

ಹೊಸ ಎಂಜಿಬಿ: ನನ್ನದು ಅಮೆರಿಕಕ್ಕೆ ಮಾಡಿದ 1977ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್ (ಕಾರ್ಬ್) ಒಂದೇ ಇದೆ, ಸ್ಟ್ರಾಂಬರ್ಗ್ 175; ಎಸ್‌ಯು, ವೆಬರ್ ಬೇರೆ ಹೆಸರಿನ ಕಾರ್ಬ್‌ಗಳು. ತಣ್ಣಗಿದ್ದಾಗ ಸುಮಾರಾಗಿ ಓಡುತ್ತದೆ. ಬಿಸಿಯಾದರೆ ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ರೇಸ್ ಗೀಸ್ ಏನಿಲ್ಲ, ರಜೆ ದಿನ ಓಡಿಸುವುದಷ್ಟೇ. ಯಾವ ಕಾರ್ಬ್ ಹಾಕಲಿ?

ಜೋಡಿ ಎಸ್‌ಯು: ಕೇಳುವುದೇನಿದೆ ಸರ್, ಎಸ್‌ಯು ಹಾಕಿ. ನನ್ನ ಕತೆ ಹೇಳುತ್ತೇನೆ. ಹಳೇ ಗಾಡಿಯಿಂದ ಬಿಚ್ಚಿದ ಎರಡು ಎಚ್‌ಎಸ್4 (ಎಸ್‌ಯುನ ಒಂದು ಮಾಡೆಲ್) ಸಿಕ್ಕವು. ನೋಡಲು ಫಳಫಳ. ಆದರೆ ಥ್ರಾಟಲ್ ಸ್ಪಿಂಡಲ್ (ಕಾರ್ಬ್‌ನ ಗಾಳಿ ಬಾಗಿಲು ತಿರುಗುವ ಕಡ್ಡಿ) ಹಿಡಿದು ಅಲುಗಿಸಿದರೆ ಲಡಲಡ. ಅಲ್ಲಿಂದ ಗಾಳಿ ಎಳೆಯುತ್ತಿತ್ತು. ನಾಲ್ಕು ಬುಶ್, ಎರಡು ಸ್ಪಿಂಡಲ್, ರೀಮರ್ ಕೆಲಸ. ಕಾರ್ಬ್‌ಗೆ ಕೊಟ್ಟದ್ದಕ್ಕಿಂತ ಅದಕ್ಕೇ ಜಾಸ್ತಿ ಹೋಯಿತು. ಆಮೇಲೆ ಎರಡು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು), ಅದರೊಳಗೆ ಏರಿಳಿಯುವ ಎರಡು ನೀಡಲ್, ಎರಡು ಫ್ಲೋಟ್. ಒಂದು ಫ್ಲೋಟ್ ಒಳಗೆ ಪೆಟ್ರೋಲ್ ತುಂಬಿಕೊಂಡು ಮುಳುಗುತ್ತಿತ್ತು. ಅದು ಗೊತ್ತಾಗಲು ಎರಡು ಭಾನುವಾರ ಬೇಕಾಯಿತು. ಮೂರನೇ ಭಾನುವಾರ ಹೋದದ್ದು ನನ್ನ ದಡ್ಡತನಕ್ಕೆ. ತೊಳೆಯುವಾಗ ಈ ಕಾರ್ಬ್‌ನ ಪಿಸ್ಟನ್ ಆ ಕಾರ್ಬ್‌ನ ಡ್ಯಾಶ್‌ಪಾಟಿಗೆ (ಪಿಸ್ಟನ್ ಏರಿಳಿಯುವ, ಎಣ್ಣೆ ಹಾಕುವ ಮೇಲಿನ ಗಿಂಡಿ) ಹಾಕಿಬಿಟ್ಟಿದ್ದೆ. ಅವು ಜೋಡಿ ನೋಡಿ ಮಾಡಿದವು, ಅದಲು ಬದಲು ಮಾಡಿದರೆ ಸಿಕ್ಕಿಕೊಳ್ಳುತ್ತವೆ.

ಈಗ? ಪಿಸ್ಟನ್ ಮುಕ್ಕಾಲು ಮಿಲಿಮೀಟರ್ ಎತ್ತಿದರೆ ಎಂಜಿನ್ ಒಂದು ಕ್ಷಣ ಚೂರು ಏರಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಏರಿದ್ದು ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಬಿದ್ದುಹೋದರೆ ಕಮ್ಮಿ. ಇಷ್ಟೇ ಪರೀಕ್ಷೆ. ನಾಲ್ಕು ವರ್ಷ ಆಯಿತು, ಮುಟ್ಟಿಲ್ಲ.

ವೆಬರ್ ಕೈ: ಮುಟ್ಟಿಲ್ಲ ಅನ್ನುವವರು ಎಣ್ಣೆ ಹಾಕುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೇನೋ! ನಾನೂ ಎಸ್‌ಯು ಇಟ್ಟುಕೊಂಡಿದ್ದೆ. ಎರಡೂ ಸಮ ಗಾಳಿ ಎಳೆಯುವಂತೆ ಮಾಡಲು ಕಿವಿಗೆ ರಬ್ಬರ್ ಪೈಪ್ ಇಟ್ಟುಕೊಂಡು ಬೆನ್ನು ಬಗ್ಗಿಸಿ ಸಾಕಾಯಿತು. ಎಷ್ಟು ಸಲ ಮಾಡಿದರೂ ತಿಂಗಳಿಗೆ ಹಾಳು. ಬಿಚ್ಚಿ ವೆಬರ್ 32/36 ಹಾಕಿದೆ. ಒಂದೇ ಕಾರ್ಬ್, ಸಮ ಮಾಡುವ ರಗಳೆಯೇ ಇಲ್ಲ. 32ರ ಬಾಯಿ ಮೊದಲು ತೆರೆಯುತ್ತದೆ, ಕಾಲು ಜಾಸ್ತಿ ಒತ್ತಿದರೆ ಮಾತ್ರ 36ರದ್ದು.

ಸುಲಭವಾಗಿ ಆಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲ ದಿನವೇ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಕೂರಿಸಿದ ಪೈಪ್‌ಗಳ ಎರಕ) ಮೇಲೆ ಸುರಿಯಿತು. ಬೆಂಕಿ ಹತ್ತದಿದ್ದದ್ದು ಪುಣ್ಯ. ಹಿಂದಿನ ಮಾಲೀಕರು ಹಾಕಿಸಿದ್ದ ಪಂಪ್ 6 ಪಿಎಸ್‌ಐ ಒತ್ತಡದಲ್ಲಿ ತಳ್ಳುತ್ತಿತ್ತು, ಈ ಕಾರ್ಬ್‌ಗೆ 3ರ ಆಸುಪಾಸು ಸಾಕು. ರೆಗ್ಯುಲೇಟರ್ ತಂದೆ. ಆಮೇಲೆ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಮುಗ್ಗರಿಸುತ್ತಿತ್ತು. ಐಡಲ್ ಜೆಟ್ 50 ತೆಗೆದು 55, ಅದು ತೆಗೆದು 60. ಮೇನ್ ಜೆಟ್ ಎರಡು ಸಲ. ಏರ್ ಕರೆಕ್ಟರ್ ಒಂದು ಸಲ. ಒಟ್ಟು ಹನ್ನೊಂದು ಜೆಟ್ ಕೊಂಡೆ, ಗಾಡಿಯಲ್ಲಿರುವುದು ಆರು. ಉಳಿದವು ಡಬ್ಬಿಯಲ್ಲಿವೆ. ಎಂಜಿನ್ ಒಳಗಿನ ಹಬೆ ಹೊರಹೋಗುವ ಬ್ರೀದರ್ ಪೈಪ್ ಮೊದಲು ಎಸ್‌ಯುಗೇ ಹೋಗುತ್ತಿತ್ತು, ಅದಕ್ಕೆ ಬೇರೆ ದಾರಿ ಮಾಡಬೇಕಾಯಿತು. ಅದನ್ನು ಯಾರೂ ಮೊದಲೇ ಹೇಳಲಿಲ್ಲ.

ಜೋಡಿ ಎಸ್‌ಯು: ತಿಂಗಳಿಗೊಮ್ಮೆ ಹಾಳಾಗುವುದು ಸವೆದ ಸ್ಪಿಂಡಲ್ ಇದ್ದರೆ ಮಾತ್ರ. ಬುಶ್ ಹಾಕಿಸಿದ್ರಾ? ಇಲ್ಲ ತಾನೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ವೆಬರ್ ಕೈ: ಬುಶ್ ಹಾಕಿಸಿದ್ದೆ ಸ್ವಾಮಿ. ನಿಮ್ಮ ಗಾದೆ ನಿಮ್ಮ ಹತ್ತಿರವೇ ಇರಲಿ.

ನಲವತ್ತೈದು: ಇಬ್ಬರೂ ಪುಣ್ಯವಂತರು. ನಾನು ಫೋಟೋ ನೋಡಿ ಮರುಳಾಗಿ 45 ಡಿಸಿಒಇ (ವೆಬರ್‌ನದೇ ದೊಡ್ಡ ಕಾರ್ಬ್) ಕೊಂಡವನು. ಬೋನೆಟ್ ಎತ್ತಿದರೆ ಜನ ನಿಂತು ನೋಡಬೇಕು ಅಂತ ಆಸೆ. ಹೊಸ ಮ್ಯಾನಿಫೋಲ್ಡ್, ಹೊಸ ಲಿಂಕೇಜ್, ಹೊಸ ಫಿಲ್ಟರ್. ಫಿಲ್ಟರ್ ಹಾಕಲು ಜಾಗವೇ ಸಾಲಲಿಲ್ಲ, ತೆಳುವಾದದ್ದು ಮತ್ತೆ ಕೊಂಡೆ. ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಗಾಳಿ ಹೋಗಲು ಇರುವುದೇ ಎರಡು ಬಾಗಿಲು. ಒಂದೊಂದು ಬಾಗಿಲಲ್ಲಿ ಎರಡೆರಡು ಸಿಲಿಂಡರ್ ಕಿತ್ತಾಡುತ್ತವೆ. ಅದರ ಮುಂದೆ ಅಷ್ಟು ದೊಡ್ಡ ಬಾಯಿ ಇಟ್ಟರೆ ಏನಾಗುತ್ತದೆ? 3,000 ಸುತ್ತಿನ ಕೆಳಗೆ ಕೆಮ್ಮು, ಸೀನು. ಒಳಗಿನ ಚೋಕ್ (ಗಾಳಿ ದಾರಿ ಕಿರಿದಾಗಿಸುವ ಬಳೆ) 36 ತೆಗೆದು 34 ಹಾಕಿದೆ, ಸ್ವಲ್ಪ ವಾಸಿಯಾಯಿತು. ಅಷ್ಟರಲ್ಲಿ ಲೀಟರ್‌ಗೆ ಏಳು ಕಿಲೋಮೀಟರ್‌ಗೆ ಇಳಿದಿತ್ತು. ನನ್ನದು 8:1 ಕಂಪ್ರೆಶನ್‌ನ ಸಾಧು ಎಂಜಿನ್. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಯಿತು. ಕೊಂಡದ್ದರ ಅರ್ಧಕ್ಕೆ ಮಾರಿದೆ. ಕೊಂಡವನೂ ಆರು ತಿಂಗಳಿಗೆ ಮಾರಿದನಂತೆ.

ಗ್ರೀಸ್ ಕೈ: ನಾನು ಏನೂ ಬದಲಾಯಿಸದೆ ಇದ್ದವನು, ನನ್ನ ಮಾತು ಯಾರಿಗೂ ರುಚಿಸಲಿಕ್ಕಿಲ್ಲ. ಸ್ಟ್ರಾಂಬರ್ಗ್ ಕೆಟ್ಟದ್ದಲ್ಲ. ನನ್ನದರಲ್ಲಿ ಹಾಳಾಗಿದ್ದದ್ದು ಮೇಲಿನ ರಬ್ಬರ್ ಡಯಾಫ್ರಮ್ ಒಂದೇ. ಬೆಳಕಿಗೆ ಹಿಡಿದರೆ ಸೂಜಿ ಮೊನೆಯಷ್ಟು ತೂತು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಇರುವ ಬಿಸಿನೀರಿನ ಆಟೋ ಚೋಕ್ ಕಿತ್ತು ಕೈಯಿಂದ ಎಳೆಯುವ ಚೋಕ್ ಹಾಕಿದೆ, ಅಲ್ಲಿಗೆ ತಲೆನೋವು ಹೋಯಿತು. ಅದಕ್ಕೂ ಮುಂಚೆ ಎಂಟು ತಿಂಗಳು ಕಾರ್ಬ್ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಸುಸ್ತಾಗಿದ್ದೆ. ಕೊನೆಗೆ ನೋಡಿದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಕ್ಯಾಪ್ಸೂಲ್ ಸೀಳಿತ್ತು! ಬಾಯಲ್ಲಿ ಪೈಪ್ ಎಳೆದರೆ ಹಿಡಿಯಲೇ ಇಲ್ಲ. ಕಾರ್ಬ್ ದೂರುಗಳಲ್ಲಿ ಮುಕ್ಕಾಲು ಪಾಲು ಇಗ್ನಿಷನ್ ದೂರುಗಳೇ. ಅಂದ ಹಾಗೆ ಈ ವರ್ಷದ ಗಾಡಿಗಳಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಎರಕ. ಅದು ಎರಡು ಮೂರನೇ ಸಿಲಿಂಡರ್ ನಡುವೆ ಬಿರುಕು ಬಿಡುತ್ತದೆ.

ವೆಬರ್ ಕೈ: ಒಂದು ಸ್ಟ್ರಾಂಬರ್ಗ್ ಇಟ್ಟುಕೊಂಡು 62.5 ಅಶ್ವಶಕ್ತಿಯಲ್ಲಿ ತೆವಳುವುದಕ್ಕಿಂತ ಸೈಕಲ್ ವಾಸಿ.

ಗ್ರೀಸ್ ಕೈ: ಕಾರ್ಬ್ ಬದಲಾಯಿಸಿದ ಮೇಲೆ ನಿಮ್ಮದು ಎಷ್ಟಾಯಿತು? ಅಳೆಸಿದ್ದೀರಾ? ಅಥವಾ ಫಿಲ್ಟರ್ ಸದ್ದು ಜಾಸ್ತಿ ಆಗಿದ್ದನ್ನೇ ಪಿಕಪ್ ಅಂದುಕೊಂಡಿದ್ದೀರಾ? ಕಂಪ್ರೆಶನ್, ಕ್ಯಾಮ್‌ಶಾಫ್ಟ್ ಹಾಗೇ ಇಟ್ಟು ಕಾರ್ಬ್ ಒಂದರಿಂದ ಪವಾಡ ಆಗುವುದಿಲ್ಲ ಮಾರಾಯ್ರೇ.

ವೆಬರ್ ಕೈ: ಲೀಟರ್‌ಗೆ 12 ಕೊಡುತ್ತಿದೆ ನನ್ನದು. ಅದು ಸಾಲದಾ?

ನಲವತ್ತೈದು: ಇಳಿಜಾರಿನಲ್ಲಾ?

ಜೋಡಿ ಎಸ್‌ಯು: 😀 ಇನ್ನೊಂದು ಮಾತು. ಎಥೆನಾಲ್ ಶೇ. 10 ಬೆರೆಸಿದ ಪೆಟ್ರೋಲ್ ಹಾಕಿದರೆ ಎಲ್ಲರ ಸೆಟ್ಟಿಂಗೂ ಸ್ವಲ್ಪ ಬಡವಾಗುತ್ತದೆ, ಅಂದರೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಿದ್ದದ್ದು 14.1ಕ್ಕೆ ಇಳಿಯುತ್ತದೆ. ಎಸ್‌ಯುನಲ್ಲಿ ಕೆಳಗಿನ ನಟ್ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ನಿಮ್ಮ ಡಬ್ಬಿಗೆ ಹನ್ನೆರಡನೇ ಜೆಟ್ ಬರಬೇಕಾದೀತು.

ವೆಬರ್ ಕೈ: ನಟ್ ತಿರುಗಿಸಿದರೆ ಎಲ್ಲ ವೇಗಕ್ಕೂ ಸರಿಯಾಗುವುದಿಲ್ಲ, ನೀಡಲ್ ಬದಲಾಯಿಸಬೇಕು. ಡ್ಯಾಶ್‌ಪಾಟಿಗೆ ಯಾವ ಎಣ್ಣೆ ಹಾಕುತ್ತೀರಿ ಅಂತ ಎಸ್‌ಯು ಇಟ್ಟುಕೊಂಡ ಮೂವರನ್ನು ಕೇಳಿ ನೋಡಿ, ಮೂರು ಉತ್ತರ ಬರುತ್ತದೆ.

ಜೋಡಿ ಎಸ್‌ಯು: 20 ಗ್ರೇಡ್ ಎಂಜಿನ್ ಆಯಿಲ್. ಬೇರೆ ಉತ್ತರವೇ ಇಲ್ಲ.

ಗ್ರೀಸ್ ಕೈ: ನಾನು ನನ್ನ ಸ್ಟ್ರಾಂಬರ್ಗ್‌ಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಎಣ್ಣೆ ಹಾಕುತ್ತೇನೆ. ಏನೂ ತೊಂದರೆಯಿಲ್ಲ.

ಜೋಡಿ ಎಸ್‌ಯು: ತೊಂದರೆಯಿಲ್ಲ ಅಂದರೆ ಹೇಗೆ? ತೆಳು ಎಣ್ಣೆ ಹಾಕಿದರೆ ಪಿಸ್ಟನ್ ದಡಕ್ಕನೆ ಮೇಲೇಳುತ್ತದೆ. ಕಾಲು ಒತ್ತಿದ ಕ್ಷಣಕ್ಕೆ ಬೇಕಾದ ಪೆಟ್ರೋಲ್ ಎಳೆಯುವುದಿಲ್ಲ. ಅದಕ್ಕೇ ನಿಮ್ಮದು ತೆವಳುತ್ತಿರುವುದು.

ಗ್ರೀಸ್ ಕೈ: ನನ್ನದು ತೆವಳುತ್ತದೆ ಅಂತ ಹೇಳಿದವರು ವೆಬರ್ ಕೈ. ನಾನಲ್ಲ.

ಹೊಸ ಎಂಜಿಬಿ: ಎಲ್ಲರಿಗೂ ಥ್ಯಾಂಕ್ಸ್. ಗ್ರೀಸ್ ಕೈ ಸರ್ ಹೇಳಿದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಎರಡು ಮೂರರ ನಡುವೆ ಬಿರುಕು ಇದೆ, ಉಗುರು ಸಿಗುವಷ್ಟು. ಬಿಸಿಯಾದಾಗ ಅಲ್ಲಿಂದಲೇ ಹೊಗೆ ಬರುತ್ತಿದೆ. ಅಂದರೆ ಕಾರ್ಬ್ ರಿಪೇರಿ ಮಾಡಿಸಿದ್ದರೂ ದಂಡ ಆಗುತ್ತಿತ್ತು, ಅಲ್ವಾ? ಮ್ಯಾನಿಫೋಲ್ಡ್ ಹೇಗೂ ಹೋಗಬೇಕು. ಜೋಡಿ ಎಸ್‌ಯು ಹಾಕಿದರೆ ಇನ್ನೇನೇನು ಬೇಕು?

ಜೋಡಿ ಎಸ್‌ಯು: ಬೇರೆ ಇನ್‌ಟೇಕ್, ಬೇರೆ ಎಕ್ಸಾಸ್ಟ್, ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು), ದಪ್ಪ ಇನ್ಸುಲೇಟರ್ ಮತ್ತು ಗ್ಯಾಸ್ಕೆಟ್. ಚೋಕ್ ಕೇಬಲ್ ಹೊಸದಾಗಿ ಬೇಕು, ನಿಮ್ಮ ಗಾಡಿಯಲ್ಲಿ ಬಂದಿಲ್ಲ. ಸೈಲೆನ್ಸರ್‌ನ ಮುಂದಿನ ಪೈಪ್ ಕೂಡ ಹೊಂದಬೇಕು, ಅದನ್ನು ನೋಡಿಕೊಂಡೇ ಎಕ್ಸಾಸ್ಟ್ ಕೊಳ್ಳಿ. ಹೀಟ್ ಶೀಲ್ಡ್ ಬಿಡಬೇಡಿ, ನಾನು ಬಿಟ್ಟು ಕೈ ಸುಟ್ಟುಕೊಂಡೆ. ನಿಜವಾಗಿಯೂ ಸುಟ್ಟುಕೊಂಡೆ, ಬಲಗೈ.

ವೆಬರ್ ಕೈ: ಇದರ ಅರ್ಧ ಸಾಮಾನಿನಲ್ಲಿ ವೆಬರ್ ಕೂರುತ್ತಿತ್ತು. ಆಯಿತು, ನಿಮ್ಮಿಷ್ಟ. ನನ್ನ ಹತ್ತಿರ ಐದು ಜೆಟ್ ಸುಮ್ನೆ ಬಿದ್ದಿವೆ, ಮನಸ್ಸು ಬದಲಾದರೆ ಹೇಳಿ.

ಜೋಡಿ ಎಸ್‌ಯು: ಹಾಂ, ಎಣ್ಣೆ 20 ಗ್ರೇಡ್. ಅವರ ಮಾತು ಕೇಳಿ ಗೇರ್ ಎಣ್ಣೆ ಹಾಕಬೇಡಿ.

ಗ್ರೀಸ್ ಕೈ: ಬಿರುಕು ಹೇಳಿದ್ದು ಯಾರು?