ಮುಟ್ಟದೆ ತಿರುಗುವ ಗೇರ್‌ನಲ್ಲೂ ಶಕ್ತಿ ನಷ್ಟವಾಗುವುದೇಕೆ?

ಪ್ರಶ್ನೆ

ಹಲ್ಲುಗಳ ಬದಲು ಕಾಯಂ ಕಾಂತಗಳನ್ನು ಕೂರಿಸಿದ ಮ್ಯಾಗ್ನೆಟಿಕ್ ಗೇರ್‌ಗಳ ಬಗ್ಗೆ ಓದುತ್ತಿದ್ದೇನೆ. ಚಕ್ರಗಳು ಒಂದನ್ನೊಂದು ಮುಟ್ಟದ ಕಾರಣ ಸವೆತವಿಲ್ಲ, ಎಣ್ಣೆಯೂ ಬೇಕಿಲ್ಲ ಎಂಬುದು ಅರ್ಥವಾಗುತ್ತದೆ. ಹಾಗಿದ್ದರೂ ಇವುಗಳ ದಕ್ಷತೆ ನೂರಕ್ಕೆ ನೂರು ಎಂದು ಯಾರೂ ಹೇಳುವುದಿಲ್ಲ. ಉಳಿದ ಶಕ್ತಿ ಎಲ್ಲಿಗೆ ಹೋಗುತ್ತದೆ? ಶಾಫ್ಟನ್ನೂ ಕಾಂತಗಳಿಂದಲೇ ತೇಲಿಸಿ, ಇಡೀ ಯಂತ್ರವನ್ನು ನಿರ್ವಾತದಲ್ಲಿ ಇರಿಸಿದರೆ ಘರ್ಷಣೆಯಿಲ್ಲದ ಚಲನೆ ಸಾಧ್ಯವೇ?

ಉತ್ತರ 1

ಸ್ಪರ್ಶವಿಲ್ಲ ಎಂದ ಮಾತ್ರಕ್ಕೆ ತಡೆಯಿಲ್ಲ ಎಂದಾಗುವುದಿಲ್ಲ. ಹಳೆಯ ವಿದ್ಯುತ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯ ಅಂಚು ಒಂದು ಕಾಯಂ ಕಾಂತದ ಧ್ರುವಗಳ ನಡುವೆ ಹಾದುಹೋಗುತ್ತಿತ್ತು; ಕಾಂತ ಅದನ್ನು ಮುಟ್ಟುತ್ತಿರಲಿಲ್ಲ, ಅಲ್ಯೂಮಿನಿಯಂ ಕಾಂತಕ್ಕೆ ಅಂಟುವ ಲೋಹವೂ ಅಲ್ಲ, ಆದರೂ ತಟ್ಟೆಗೆ ಬ್ರೇಕ್ ಹಾಕುತ್ತಿದ್ದುದು ಅದೇ ಕಾಂತ. ಕಾಂತಕ್ಷೇತ್ರವನ್ನು ಹಾದುಹೋಗುವ ಲೋಹದೊಳಗೆ ಸುಳಿ ಪ್ರವಾಹಗಳು, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು ಹುಟ್ಟಿ ಲೋಹ ಬಿಸಿಯಾಗುತ್ತದೆ. ಆ ಶಾಖಕ್ಕೆ ಬೇಕಾದ ಶಕ್ತಿ ಚಲನೆಯಿಂದಲೇ ಬರಬೇಕು.

ಇಂದು ಹೆಚ್ಚು ಚರ್ಚೆಯಲ್ಲಿರುವುದು ಷೆಫೀಲ್ಡ್ ವಿಶ್ವವಿದ್ಯಾಲಯದ ಅತಲ್ಲಾ ಮತ್ತು ಹೋವ್ 2001ರಲ್ಲಿ ಪ್ರಕಟಿಸಿದ ಏಕಾಕ್ಷ ವಿನ್ಯಾಸ. ಒಳಗೊಂದು, ಹೊರಗೊಂದು ಕಾಂತಗಳ ರೋಟರ್ (ತಿರುಗುವ ಭಾಗ). ನಡುವೆ ಉಕ್ಕಿನ ತುಂಡುಗಳ ಒಂದು ಬಳೆ. ಒಳರೋಟರಿನಲ್ಲಿ 4, ಹೊರರೋಟರಿನಲ್ಲಿ 22 ಧ್ರುವ ಜೋಡಿಗಳಿದ್ದರೆ ನಡುವೆ ಅವೆರಡರ ಮೊತ್ತವಾದ 26 ತುಂಡುಗಳಿರಬೇಕು. ಬಳೆಯನ್ನು ಕದಲದಂತೆ ಹಿಡಿದಾಗ ಅನುಪಾತ 5.5ಕ್ಕೆ 1, ಹೊರರೋಟರ್ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಒಳರೋಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಉಕ್ಕಿನ ಪ್ರತಿ ತುಂಡೂ ಸೆಕೆಂಡಿಗೆ 100 ಸಲ ಅತ್ತಿತ್ತ ಕಾಂತೀಕರಣಗೊಳ್ಳುತ್ತದೆ, ಪ್ರತಿ ಸಲವೂ ಕಾಂತೀಕರಣದ ಬದಲಾವಣೆಗೆ ಉಕ್ಕು ಒಡ್ಡುವ ತಡೆಯಿಂದ, ಅಂದರೆ ಹಿಸ್ಟೆರಿಸಿಸ್‌ನಿಂದ ಒಂದಿಷ್ಟು ಶಕ್ತಿ ಶಾಖವಾಗುತ್ತದೆ. ನಿಯೋಡಿಮಿಯಂ ಕಾಂತಗಳೂ ವಿದ್ಯುತ್ ವಾಹಕಗಳಾದ್ದರಿಂದ ಅವುಗಳಲ್ಲೂ ಸುಳಿ ಪ್ರವಾಹ ತಪ್ಪದು. ಉಕ್ಕನ್ನು ತೆಳು ಹಾಳೆಗಳಾಗಿ ಜೋಡಿಸಿ, ಕಾಂತಗಳನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿದರೆ ನಷ್ಟ ಬಹಳ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ. ಬೇರಿಂಗ್‌ಗಳ ಘರ್ಷಣೆಯಂತೂ ಇದ್ದೇ ಇದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಾಗಾದರೆ ಬೇರಿಂಗನ್ನು ತೇಲಿಸುವ ವಿಚಾರ?

ಉತ್ತರ 2

ಕಾಯಂ ಕಾಂತಗಳ ಸ್ಥಿರ ಬಲಗಳಿಂದ ಮಾತ್ರವೇ ಒಂದು ವಸ್ತುವನ್ನು ಎಲ್ಲ ದಿಕ್ಕುಗಳಲ್ಲೂ ಸ್ಥಿರವಾಗಿ ತೇಲಿಸಲಾಗದು ಎಂಬುದು 1842ರ ಅರ್ನ್‌ಷಾ ಪ್ರಮೇಯದ ತಾತ್ಪರ್ಯ. ಹಾಗಾಗಿ ಸಂವೇದಕ ಮತ್ತು ವಿದ್ಯುತ್ಕಾಂತಗಳಿಂದ ಕ್ಷಣಕ್ಷಣವೂ ತಿದ್ದುತ್ತಿರಬೇಕು, ಅದಕ್ಕೆ ವಿದ್ಯುತ್ ಬೇಕು. ಇಲ್ಲವೇ ಅತಿವಾಹಕವನ್ನು (ಅತಿ ಶೀತದಲ್ಲಿ ವಿದ್ಯುತ್ ತಡೆಯನ್ನೇ ಕಳೆದುಕೊಳ್ಳುವ ವಸ್ತು) ಬಳಸಬೇಕು, ಅದನ್ನು ತಣ್ಣಗಿಡಲು ಮತ್ತಷ್ಟು ಶಕ್ತಿ ಬೇಕು. 2004ರಲ್ಲಿ ಉಡಾವಣೆಯಾದ, ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ಪರೀಕ್ಷಿಸಿದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದ ಸ್ಫಟಿಕ ಗೋಲಗಳು ನೀವು ಕೇಳಿದ ಸ್ಥಿತಿಗೆ ಬಹಳ ಹತ್ತಿರ ಬಂದಿದ್ದವು: ನಿರ್ವಾತದಲ್ಲಿ, ದ್ರವ ಹೀಲಿಯಂ ತಾಪಮಾನದಲ್ಲಿ, ಸ್ಥಾಯೀ ವಿದ್ಯುತ್ ಬಲದ ಆಸರೆಯಲ್ಲಿ ಅವು ತಿರುಗುತ್ತಿದ್ದವು. ಅಲ್ಲಿಯೂ ಗೋಲಗಳ ಮೇಲ್ಮೈಯ ಅತಿಸಣ್ಣ ವಿದ್ಯುತ್ ವಿಭವ ವ್ಯತ್ಯಾಸಗಳು ನಿರೀಕ್ಷಿಸದ ತಿರುಚುಬಲವನ್ನು ಹುಟ್ಟಿಸಿ ವಿಜ್ಞಾನಿಗಳನ್ನು ಕಾಡಿದವು.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಗೋಲಗಳು ಯಾವ ಯಂತ್ರವನ್ನೂ ನಡೆಸುತ್ತಿರಲಿಲ್ಲ. ಗೇರ್ ಇರುವುದು ಕೆಲಸ ಮಾಡಿಸಲಿಕ್ಕೆ. ಘರ್ಷಣೆಯನ್ನು ಪೂರ್ತಿ ತೊಡೆದುಹಾಕಿದರೂ ಹೊರಗೆ ಕೊಟ್ಟಷ್ಟು ಶಕ್ತಿಯನ್ನು ಒಳಗೆ ಕೊಡಲೇಬೇಕು. ಕಾಂತಗಳನ್ನು ಕಂಡೊಡನೆ ಕೆಲವರು ಇದನ್ನು ಮರೆತು ನಿರಂತರ ಚಲನೆಯ ಯಂತ್ರದ ಮಾತಿಗೆ ಇಳಿಯುತ್ತಾರೆ.

ಉತ್ತರ 3

ಮೊದಲ ಉತ್ತರಕ್ಕೆ ಒಂದು ಸೇರ್ಪಡೆ. ಕಾಂತ ಮತ್ತು ಉಕ್ಕಿನಲ್ಲಾಗುವ ನಷ್ಟ ಬಹುಮಟ್ಟಿಗೆ ವೇಗವನ್ನು ಅವಲಂಬಿಸುತ್ತದೆ, ಹೊರೆಯನ್ನಲ್ಲ. ಹೀಗಾಗಿ ಪೂರ್ಣ ಹೊರೆಯಲ್ಲಿ ಉತ್ತಮವಾಗಿ ಕಾಣುವ ದಕ್ಷತೆ, ಅದೇ ವೇಗದಲ್ಲಿ ಹೊರೆ ತಗ್ಗಿದಾಗ ಕುಸಿಯುತ್ತದೆ. ಒಳ್ಳೆಯ ಹಲ್ಲಿನ ಗೇರ್ ಒಂದು ಹಂತದಲ್ಲಿ ಶೇಕಡ 98ರ ಆಸುಪಾಸಿನ ದಕ್ಷತೆ ಕೊಡುವಾಗ, ದಕ್ಷತೆಯೊಂದಕ್ಕಾಗಿಯೇ ಮ್ಯಾಗ್ನೆಟಿಕ್ ಗೇರ್ ಆರಿಸುವುದು ನನಗೆ ಸರಿಕಾಣದು. ಮಿತಿಮೀರಿದ ಹೊರೆ ಬಂದಾಗ ಹಲ್ಲು ಮುರಿಯುವ ಬದಲು ಜಾರಿ, ಹೊರೆ ಇಳಿದ ಮೇಲೆ ಮತ್ತೆ ಹಿಡಿದುಕೊಳ್ಳುವ ಗುಣವೇ ಅದರ ನಿಜವಾದ ಆಕರ್ಷಣೆ.